ಧ್ಯಾನದ ತಿಂಗಳಲ್ಲಿ ‘ಎಡವಿ ಬಿದ್ದ’ ನನ್ನ ಅಕ್ಕ

ನಗರದ ಪೊಲೀಸ್ ಮುಖ್ಯಾಧಿಕಾರಿಗಳೇ,

ಒಂದು ತಿಂಗಳ ಸಾಮೂಹಿಕ ಧ್ಯಾನದಿಂದ ನಗರದ ಅಪರಾಧ ಶೇಕಡಾ ಹದಿನೆಂಟರಷ್ಟು ಇಳಿದಿದೆ ಎಂದು ತಾವು ಕಳೆದ ವಾರ ವೇದಿಕೆಯ ಮೇಲೆ ನಿಂತು ಘೋಷಿಸಿದಿರಿ. ಆ ಅಂಕಿಯನ್ನು ನಾನು ನಂಬುವುದಿಲ್ಲ. ಅಪರಾಧದ ಲೆಕ್ಕ ಇಳಿಸಲು ನನ್ನ ಅಕ್ಕನ ಮುರಿದ ಕೈಯನ್ನೂ ಬಳಸಿಕೊಂಡಿದ್ದೀರಿ.

ನಾನು ಧ್ಯಾನದ ವಿರೋಧಿಯಲ್ಲ. ಆ ತಿಂಗಳಿಡೀ ಸಂಜೆ ಕ್ರೀಡಾಂಗಣದಲ್ಲಿ ಕಣ್ಣು ಮುಚ್ಚಿ ಕೂತ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಬೆನ್ನುನೋವು ಕಡಿಮೆಯಾಯಿತು, ಗಂಡನ ಮೇಲೆ ರೇಗುವುದೂ ತುಸು ತಗ್ಗಿತು. ಅಷ್ಟಕ್ಕೆ ಋಣಿ. ಆದರೆ ನಾನು ಹಾಗೆ ಉಸಿರು ಗಮನಿಸುತ್ತಾ ಕೂತಿದ್ದ ಒಂದು ಸಂಜೆ, ತನ್ನ ಹೇರ್ ಕಟಿಂಗ್ ಅಂಗಡಿಯ ಷಟರ್ ಎಳೆದು ಮನೆಗೆ ಹೊರಟಿದ್ದ ಅಕ್ಕನ ಬ್ಯಾಗಿಗೆ ಬೈಕಿನಲ್ಲಿ ಬಂದ ಇಬ್ಬರು ಕೈ ಹಾಕಿದರು. ಅವಳು ಬಿಡಲಿಲ್ಲ. ಬ್ಯಾಗಿನ ಜೊತೆ ಅವಳನ್ನೂ ರಸ್ತೆಯ ಮೇಲೆ ಎಳೆದುಕೊಂಡು ಹೋದರು. ಕತ್ತರಿ ಹಿಡಿಯುವ ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು. ಅಂಗಡಿಯ ಹತ್ತಿರದ ತಿರುವಿನಲ್ಲಿ ದಿನವೂ ನಿಲ್ಲುತ್ತಿದ್ದ ಪೇದೆಗಳು ಅಂದು ಎಲ್ಲಿದ್ದರು? ಕ್ರೀಡಾಂಗಣದ ಬಾಗಿಲಲ್ಲಿ, ನಮ್ಮ ಶಾಂತಿಗೆ ಭಂಗ ಬಾರದಂತೆ ಕಾಯುತ್ತಿದ್ದರು!

ಮರುದಿನ ಪ್ಲಾಸ್ಟರ್ ಹಾಕಿದ ಕೈಯೊಂದಿಗೆ ಅವಳನ್ನು ಠಾಣೆಗೆ ಕರೆದೊಯ್ದೆ. ದೂರು ಬರೆದುಕೊಳ್ಳುವವರು ಒಳ್ಳೆಯವರೇ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಆಮೇಲೆ ದನಿ ತಗ್ಗಿಸಿದರು.

“ನೋಡಮ್ಮಾ, ಕಿತ್ಕೊಂಡ್ರು ಅಂತ ಬರೆದ್ರೆ ಅದು ಸುಲಿಗೆ ಆಗತ್ತೆ. ಈ ತಿಂಗಳು ಅಂಥದ್ದೆಲ್ಲ ಜಾಸ್ತಿ ಬೇಡ ಅಂತ ಮೇಲಿಂದ ಹೇಳಿದಾರೆ. ಎಡವಿ ಬಿದ್ರಿ, ಬ್ಯಾಗು ಕಳೆದೋಯ್ತು ಅಂತ ಬರ್ಕೊಳ್ತೀನಿ.”

“ನಾನು ಬಿದ್ದಿಲ್ಲ ಸಾರ್, ಎಳೆದು ಕೆಡವಿದ್ರು,” ಎಂದಳು ಅಕ್ಕ.

“ಹೇಗೆ ಮುರಿದ್ರೂ ನೋವು ಒಂದೇ ಅಲ್ವೇನಮ್ಮಾ?”

ನೋವು ಒಂದೇ ಇರಬಹುದು, ಮಾನ್ಯರೇ. ಲೆಕ್ಕ ಒಂದೇ ಅಲ್ಲ. ಎಣಿಸುವವರಿಗೇ ಕಡಿಮೆ ಎಣಿಸಿ ಎಂದ ಮೇಲೆ ಊರಿನವರು ಧ್ಯಾನ ಮಾಡಿದರೇನು, ನಿದ್ದೆ ಮಾಡಿದರೇನು, ಅಪರಾಧ ಇಳಿಯದೆ ಇನ್ನೇನು ಮಾಡೀತು? ಅದು ಹಾಗಿರಲಿ, ತಾವು ಹೋಲಿಸಿದ್ದು ಯಾವುದರ ಜೊತೆ? ಹಿಂದಿನ ತಿಂಗಳ ಜೊತೆ. ಚುನಾವಣೆಯ ಗಲಾಟೆಯಲ್ಲಿ ಅರ್ಧ ಊರು ಬಡಿದಾಡಿಕೊಂಡ ತಿಂಗಳದು. ಅದರ ಪಕ್ಕ ಯಾವ ತಿಂಗಳನ್ನು ನಿಲ್ಲಿಸಿದರೂ ಸಾಧುವಾಗಿಯೇ ಕಾಣುತ್ತದೆ. ಧ್ಯಾನವನ್ನೇ ಮಾಡದ ಪಕ್ಕದ ನಗರದಲ್ಲೂ ಅಪರಾಧ ಅಷ್ಟೇ ಇಳಿದಿದೆಯಲ್ಲ ಎಂದು ಪತ್ರಕರ್ತರು ಕೇಳಿದರೆ, ನಮ್ಮ ಧ್ಯಾನದ ಪ್ರಭಾವ ಅಲ್ಲಿಗೂ ಹರಿಯಿತು ಎಂದರು ತಮ್ಮ ವಕ್ತಾರರು. ಕೊಲೆಗಳು ಹೆಚ್ಚಾಗಿವೆಯಲ್ಲ ಎಂದರೆ, ಧ್ಯಾನ ಇಲ್ಲದಿದ್ದರೆ ಇನ್ನೂ ಹೆಚ್ಚಾಗುತ್ತಿದ್ದವು ಎಂಬ ಉತ್ತರ. ಇಳಿದರೂ ಗೆಲುವು, ಏರಿದರೂ ಗೆಲುವು. ಸೋಲಲು ದಾರಿಯೇ ಇಲ್ಲದ ಪರೀಕ್ಷೆಯನ್ನು ಪರೀಕ್ಷೆ ಎಂದು ಕರೆಯುವುದೇಕೆ?

ತಮ್ಮ ಕಚೇರಿಗೂ ಬಂದೆವು. ತಮ್ಮ ಸಹಾಯಕರು ಪೂರ್ತಿ ಕೇಳಿಸಿಕೊಂಡು, “ಮನಸ್ಸಲ್ಲಿ ಕಹಿ ಇಟ್ಕೋಬೇಡಿ, ಅಕ್ಕನ್ನೂ ಧ್ಯಾನಕ್ಕೆ ಕರ್ಕೊಂಡು ಬನ್ನಿ” ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಈಗ ಪ್ಲಾಸ್ಟರ್ ಬಿಚ್ಚಿದ್ದಾರೆ. ಅಕ್ಕನ ಬೆರಳುಗಳು ಕತ್ತರಿಯನ್ನು ಹಿಡಿಯುತ್ತವೆ, ಒತ್ತಲು ಮಾತ್ರ ಆಗುವುದಿಲ್ಲ. ಮೊನ್ನೆ ಹಳೆಯ ಗಿರಾಕಿಯೊಬ್ಬರು ಕೈಗೇನಾಯಿತು ಎಂದು ಕೇಳಿದರು. “ಎಡವಿ ಬಿದ್ದೆ ಕಣ್ರೀ,” ಎಂದಳು! ಅವರು ಹೋದ ಮೇಲೆ ನಾನು ಜಗಳಕ್ಕೇ ನಿಂತೆ.

“ನಿಜ ಹೇಳಿದ್ರೆ, ಪೊಲೀಸ್ನೋರು ಹಾಗೆ ಹೇಳ್ತಿಲ್ವಲ್ಲ ಅಂತಾರೆ ಕಣೇ. ಎಷ್ಟು ಜನರ ಹತ್ರ ವಾದ ಮಾಡ್ಲಿ? ಬಿದ್ದೆ ಅಂದ್ರೆ ಅಯ್ಯೋ ಪಾಪ ಅಂತಾದ್ರೂ ಅಂತಾರೆ.”

ಮುಂದಿನ ತಿಂಗಳು ಇನ್ನೂ ದೊಡ್ಡ ಧ್ಯಾನಕೂಟವಂತೆ. ಧಾರಾಳವಾಗಿ ನಡೆಸಿ. ಆದರೆ ಯಾವ ಅಪರಾಧಗಳನ್ನು ಎಣಿಸುತ್ತೀರಿ, ಯಾವ ನಗರದ ಜೊತೆ ಹೋಲಿಸುತ್ತೀರಿ, ಏನಾದರೆ ಸೋತೆವೆಂದು ಒಪ್ಪಿಕೊಳ್ಳುತ್ತೀರಿ ಎಂಬುದನ್ನು ಮೊದಲೇ ಪ್ರಕಟಿಸಿ. ಎಣಿಸುವ ಕೆಲಸವನ್ನು ತಮ್ಮ ಕೈಕೆಳಗಿಲ್ಲದವರಿಗೆ ವಹಿಸಿ. ಪೇದೆಗಳನ್ನು ಬೀದಿಗೆ ವಾಪಸು ಕಳಿಸಿ. ಅದೆಲ್ಲಕ್ಕೂ ಮೊದಲು ನನ್ನ ಅಕ್ಕನ ದೂರನ್ನು ಸುಲಿಗೆ ಎಂದೇ ದಾಖಲಿಸಿ. ತಮ್ಮ ಲೆಕ್ಕಕ್ಕೆ ಒಂದು ಸುಲಿಗೆ ಸೇರಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಒಬ್ಬ ಹೆಂಗಸು ತನಗೆ ಏನಾಯಿತು ಎಂಬುದನ್ನು ತನ್ನ ಬಾಯಿಂದಲೇ ಹೇಳುವಂತಾಗುತ್ತದೆ, ಅಷ್ಟೇ.

ಇಂತಿ,
ಎಷ್ಟು ಕೂತರೂ ಮನಸ್ಸು ನಿಲ್ಲದ,
ಕೂದಲು ಕತ್ತರಿಸುವವಳ ತಂಗಿ