ಸೀರೆ ಡಬ್ಬಿಯ ಆಕಾಶಬುಟ್ಟಿ

ಅವ್ವಾ,

ಎಂಥ ಚೆಂದದ ಆಕಾಶಬುಟ್ಟಿ ಮಾಡಿದೆ ಗೊತ್ತಾ! ಇಲ್ಲಿ ಗೋವಾದ ವಾಸ್ಕೋದಲ್ಲಿರುವ ನಮ್ಮ ಬಟ್ಟೆ ಅಂಗಡಿಯ ಖಾಲಿ ಸೀರೆ ಡಬ್ಬಿ, ಕಸಬರಿಗೆಯ ಕಡ್ಡಿ, ಮದುವೆ ಪ್ರೆಸೆಂಟುಗಳಿಗೆ ಸುತ್ತಿದ್ದ ಬಣ್ಣದ ಕಾಗದ, ಅಂಟಿಸಲು ಮೈದಾ ಗಂಜಿ. ಅಷ್ಟೇ! ಪಕ್ಕದ ಮನೆಯ ರೋಜಾಲಿನ್ ಆಂಟಿ ಕ್ರಿಸ್‌ಮಸ್ಸಿಗೆ ತಮಗೂ ಹೀಗೇ ಒಂದು ನಕ್ಷತ್ರ ಮಾಡಿಕೊಡಬೇಕೆಂದರು.

ಸಂಜೆ ಅದನ್ನು ತೂಗುಹಾಕುವಾಗ ಮಾತ್ರ ನನ್ನ ಕೈ ನಿಂತಿತು. ನೀನು ಹೋಗಿ ಇನ್ನೂ ವರ್ಷ ತುಂಬಿಲ್ಲ. ಧಾರವಾಡದ ಮನೆಯಲ್ಲಿ ಅಪ್ಪ ಈ ಸಲ ದೀಪಾವಳಿ ಮಾಡುತ್ತಿಲ್ಲ, ಬಾಗಿಲಿಗೆ ಒಂದು ಪಣತಿಯೂ ಇಲ್ಲ.

"ಅತ್ತೀ, ನಾ ಹಚ್ಚಬಹುದೇನ್ರಿ?" ಎಂದೆ.

"ಹುಚ್ಚಿ! ನೀ ಈಗ ನಮ್ಮ ಮನಿಯಾಕಿ. ಹಬ್ಬ ಬಿಡೂದು ನಿಮ್ಮಪ್ಪನ ಮನ್ಯಾಗ, ನಿನಗಲ್ಲ," ಎಂದರು ಅತ್ತೆ, ಪ್ರೀತಿಯಿಂದಲೇ.

ಹಾಗಾದರೆ ನೀನು ಹೋಗಿದ್ದು ಅಪ್ಪನಿಗೆ ಮಾತ್ರವೇ? ನನಗೆ ಅರ್ಥವೇ ಆಗಲಿಲ್ಲ. ಅಷ್ಟರಲ್ಲಿ ನಿನ್ನ ಅಳಿಯ ಸ್ವಿಚ್ ಒತ್ತಿದರು. ಗೋಡೆಯ ತುಂಬ ಗುಲಾಬಿ, ಹಸಿರು ಬೆಳಕು! ಕುಣಿದು ಚಪ್ಪಾಳೆ ತಟ್ಟಿಬಿಟ್ಟೆ.

ಆಗಲೇ ಅಪ್ಪನ ಫೋನ್ ಬಂತು. "ಏನ್ ಮಾಡಾಕತ್ತಿ, ಮಗಾ?"

"ಏನಿಲ್ಲಪ್ಪಾ, ಸುಮ್ಮನ ಕುಂತೇನಿ," ಎಂದೆ.

ಯಾಕೆ ಹಾಗೆ ಹೇಳಿದೆನೋ ನನಗೇ ತಿಳಿಯದು. ಫೋನ್ ಇಟ್ಟು, ಮತ್ತೆ ಆ ಬೆಳಕು ನೋಡಲು ಓಡಿದೆ, ಅವ್ವಾ.