ಕಡಲೆ ಮೊಳೆತದ್ದಕ್ಕೆ ಕ್ರ್ಯಾನ್‌ಬೆರಿ ಗದ್ದೆಗೆ ಶಿಕ್ಷೆ

ನಮ್ಮ ಪಟ್ಟಣದ ಸಂರಕ್ಷಿತ ಭೂಮಿ ಇಲಾಖೆಯ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಈಚೆ ದಡ ಆಚೆ ದಡಗಳಲ್ಲಿ ನೆಲೆಸಿರುವ ಸಮಸ್ತ ಕನ್ನಡಿಗರಿಗೆ, ಅವರ ಮೂಲಕ ತಮಗೆ, ತಮ್ಮ ಮೂಲಕ ಸಂಬಂಧಪಟ್ಟ ಎಲ್ಲ ಸರ್ಕಾರಗಳಿಗೆ ಗಂಭೀರವಾಗಿ ಘೋಷಿಸುವುದೇನೆಂದರೆ, ನಮ್ಮ ಮನೆಯಲ್ಲಿ ಕ್ರ್ಯಾನ್‌ಬೆರಿ ಗೊಜ್ಜು ಮುಗಿದಿದೆ. ಬಾಟಲಿಗೇ ಬಿಸಿ ಅನ್ನ ಹಾಕಿ, ಗೋಡೆಗೆ ಅಂಟಿದ್ದನ್ನೂ ಬಳಿದು ತಿಂದದ್ದಾಯಿತು. ಭೂಕಂಪದ ಮುಂದೆ ಇದೇನು ದೊಡ್ಡ ಸುದ್ದಿ ಎಂದು ತಾವು ಹೇಳಬಹುದು. ಒಪ್ಪಿದೆ. ಆದರೆ ಭೂಕಂಪಕ್ಕೆ ತಾವು ಕಾರಣರಲ್ಲ, ಇದಕ್ಕೆ ತಾವೇ ಕಾರಣ. ಗುಡ್ಡದ ಹಿಂದಿನ ಕ್ರ್ಯಾನ್‌ಬೆರಿ ಗದ್ದೆಯ ತೂಬಿನ ಹಲಗೆಗಳನ್ನು ಕಿತ್ತು, ಸ್ವಯಂಸೇವಕರನ್ನು ಹೊರಗೆ ಹಾಕಿ, ಸಾಮಾನಿನ ಶೆಡ್ಡಿಗೆ ಬೀಗ ಜಡಿದು, ಆ ಬೀಗಕ್ಕೇ ನಿರ್ವಹಣೆ ಎಂದು ಹೆಸರಿಟ್ಟಿರುವ ಇಲಾಖೆ ತಮ್ಮದು.

ಇದನ್ನು ಕನ್ನಡದಲ್ಲೇಕೆ ಬರೆಯುತ್ತಿದ್ದೀರಿ ಎಂದು ತಾವು ಕೇಳಲಾರಿರಿ, ಏಕೆಂದರೆ ತಾವು ಇದನ್ನು ಓದಲಾರಿರಿ. ಇಂಗ್ಲಿಷಿನಲ್ಲಿ ಬರೆದು ನೋಡಿದ್ದೇನೆ. ಕಳಿಸುವ ಗುಂಡಿಯಿಂದ ಬೆರಳು ತೆಗೆಯುವ ಮುಂಚೆಯೇ 'ತಮ್ಮ ಆಸಕ್ತಿಗೆ ಧನ್ಯವಾದಗಳು' ಎಂಬ ಉತ್ತರ ಬಂದು ಕೂತಿರುತ್ತಿತ್ತು. ಇಷ್ಟು ಶೀಘ್ರವಾಗಿ ಓದಬಲ್ಲವರು ಒಂದೋ ದೇವರು, ಇಲ್ಲವೇ ಯಂತ್ರ. ಓದುವುದಿಲ್ಲ ಎಂಬುದೇ ನಿಶ್ಚಯವಾದ ಮೇಲೆ ಯಾವ ಭಾಷೆಯಾದರೇನು? ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಅಚ್ಚಾದರೆ ಕೊನೇಪಕ್ಷ ನಾಲ್ಕು ಜನ ಓದಿ 'ಪಾಪ' ಅಂದಾರು.

ಆ ನಾಲ್ಕು ಜನಕ್ಕಾಗಿ ಸ್ವಲ್ಪ ಹಿನ್ನೆಲೆ. ಕ್ರ್ಯಾನ್‌ಬೆರಿ ಮರದಲ್ಲಿ ಬಿಡುವ ಹಣ್ಣಲ್ಲ. ಮರಳು ಬೆರೆತ ಜೌಗು ನೆಲದಲ್ಲಿ ಒತ್ತೊತ್ತಾಗಿ ಹಬ್ಬುವ ಗಿಡ್ಡ ಬಳ್ಳಿಯದು. ಈ ಸೀಮೆಯ ಬೆಳೆಯೂ ಅಲ್ಲ. ಈ ದೇಶದ ಪೂರ್ವ ಕರಾವಳಿಯಿಂದ ಬಂದ ಯಾರೋ ಹಳಬರು, ತಮ್ಮ ಕಡೆಯ ಹಣ್ಣಿನ ಚಪಲ ತಡೆಯಲಾರದೆ, ಸಮುದ್ರದ ಮಂಜು ಮಧ್ಯಾಹ್ನದವರೆಗೂ ಜಾಗ ಬಿಡದ ಈ ತಗ್ಗಿನಲ್ಲಿ ನೆಟ್ಟರಂತೆ. ಅವರು ಹೋದ ಮೇಲೆ ನೆಲ ಪಟ್ಟಣದ ಪಾಲಾಗಿ ಸಂರಕ್ಷಿತ ಭೂಮಿ ಎನಿಸಿಕೊಂಡಿತು. ತನ್ನನ್ನು ಸಂರಕ್ಷಿಸಲಾಗಿದೆ ಎಂಬ ವಿಷಯ ಬಳ್ಳಿಗೆ ತಿಳಿಯದು. ಅದಕ್ಕೆ ಬೇಸಿಗೆಯಲ್ಲಿ ಕಳೆ ಕೀಳಬೇಕು, ನುಗ್ಗಿ ಬರುವ ವಿಲೋ ಮರದ ಸಸಿಗಳನ್ನು ಬೇರುಸಹಿತ ಎಳೆಯಬೇಕು, ಕೆಲವು ವರ್ಷಕ್ಕೊಮ್ಮೆ ಮೇಲೆ ತೆಳ್ಳಗೆ ಮರಳು ಹರಡಬೇಕು. ಅಕ್ಟೋಬರಿನಲ್ಲಿ ತೂಬಿಗೆ ಹಲಗೆ ಇಳಿಸಿ ನೀರು ಕಟ್ಟಬೇಕು. ನೀರಿಗಿಳಿದು ಬಳ್ಳಿ ಅಲುಗಿಸಿದರೆ ಹಣ್ಣು ಕಳಚಿಕೊಂಡು ತೇಲುತ್ತದೆ, ಗದ್ದೆಗೆ ಗದ್ದೆಯೇ ಕುಂಕುಮ ಕದಡಿದ ಹಾಗಾಗುತ್ತದೆ. ಬಾಚಿಕೊಂಡರಾಯಿತು. ಇದನ್ನೆಲ್ಲ ಬಿಟ್ಟು ಒಂದೆರಡು ವರ್ಷ ಸುಮ್ಮನಿದ್ದರೆ ಅಲ್ಲಿ ವಿಲೋ ಇರುತ್ತದೆ, ಮುಳ್ಳುಪೊದೆ ಇರುತ್ತದೆ, ಕ್ರ್ಯಾನ್‌ಬೆರಿ ಇರುವುದಿಲ್ಲ.

ಈ ಆರೈಕೆಗೆ ಜನ ಬೇಕೆಂದು ತಮ್ಮ ಇಲಾಖೆಯೇ ಹಿಂದೊಮ್ಮೆ ಕರೆದಾಗ ಹೋದವಳು ನನ್ನ ಹೆಂಡತಿ ಸತ್ಯವತಿ. ಮೈಸೂರಿನವಳು. ಶನಿವಾರ ಬಂದರೆ ಅವಳು ಗದ್ದೆಯಲ್ಲಿ, ನಾನು ಏರಿಯ ಮೇಲೆ ಮಡಚುವ ಕುರ್ಚಿಯಲ್ಲಿ, ಕಾಫಿ ಫ್ಲಾಸ್ಕಿನ ಸಮೇತ ಮೇಲ್ವಿಚಾರಣೆಯಲ್ಲಿ. ಅವಳ ಜೊತೆಗಾತಿ ವಿಜಯಪುರದ ಬಂಗಾರೆವ್ವ, ಮೌಂಟನ್ ವ್ಯೂನಲ್ಲಿರುವ ಮಗ ಶಿವಶರಣನ ಮನೆಗೆ ಬಂದು ಇಲ್ಲೇ ಉಳಿದುಬಿಟ್ಟ ಹಿರಿಯರು. ಮೊದಲ ದಿನ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಮುಖದ ಸುಕ್ಕೆಲ್ಲ ಒಂದೆಡೆ ಸೇರಿಸಿ, ಅವರು ತೀರ್ಪು ಕೊಟ್ಟರು: "ನಮ್ಮ ಕವಳಿ ಹಣ್ಣಿನ ತಂಗಿ ಐತಿ ಇದು. ಅಕ್ಕ ಸ್ವಲ್ಪ ಶಾಣ್ಯಾಕಿ, ಇಕಿ ಬರೇ ಹುಳಿ." ಅಂದಿನಿಂದ ಎರಡು ಪಾಕಶಾಲೆಗಳ ನಡುವೆ ಶೀತಲ ಸಮರ. ಸತ್ಯವತಿ ಬೆಲ್ಲ, ಮೆಂತ್ಯ ಹಾಕಿ ಗೊಜ್ಜು ಕಾಯಿಸಿದರೆ, ಬಳ್ಳೊಳ್ಳಿ ಇಲ್ಲದ ಚಟ್ನಿ ಔಷಧಕ್ಕೆ ಸಮ ಎಂದು ಬಂಗಾರೆವ್ವ ಅದನ್ನು ಚಮಚದಲ್ಲಿ ಅಳೆದು ಹಾಕಿಕೊಳ್ಳುತ್ತಿದ್ದರು. ಹಾಕಿಕೊಳ್ಳುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಈಗ ಅಪರಾಧಕ್ಕೆ ಬರೋಣ. ನಮ್ಮ ಕಡೆ ಅಣೆಕಟ್ಟು ತುಂಬಿದರೆ ನೀರಿಗೆ ಬಾಗಿನ ಕೊಡುವ ಪದ್ಧತಿಯಿದೆ. ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ಕಾಳು, ಬೆಲ್ಲ, ತೆಂಗಿನಕಾಯಿ ಇಟ್ಟು, ಮೇಲೊಂದು ಮೊರ ಮುಚ್ಚಿ, ತುಂಬಿದ ನೀರಿಗೆ ಒಪ್ಪಿಸುವುದು. ಹೋದ ಅಕ್ಟೋಬರಿನಲ್ಲಿ ಗದ್ದೆ ತುಂಬಿತು. ಕನ್ನಂಬಾಡಿ ತುಂಬಿದ ಸುದ್ದಿ ಕೇಳಿ ಬೆಳೆದವಳ ಕೈ ಸುಮ್ಮನಿದ್ದೀತೇ? ಇಲ್ಲಿಯ ಗ್ರೋಸರಿಯಲ್ಲಿ ಮೊರ ಸಿಗಲಿಲ್ಲ; ಟರ್ಕಿ ಕೋಳಿ ಬೇಯಿಸುವ ಅಲ್ಯೂಮಿನಿಯಂ ತಟ್ಟೆಗಳು ಸಿಕ್ಕವು. ಕೋಳಿಯ ತಟ್ಟೆಯಲ್ಲಿ ಬಾಗಿನ ಸಿದ್ಧವಾಯಿತು. ಬಂಗಾರೆವ್ವ, ತಮ್ಮ ಯಜಮಾನರು ಹೋಗಿ ಬಹಳ ವರ್ಷವಾದವರು, ಇಂಥ ಹೊತ್ತಿನಲ್ಲಿ ತಾವಾಗಿಯೇ ಹಿಂದೆ ಸರಿದು ನಿಂತರು. ಸತ್ಯವತಿ ತಿರುಗಿ ನೋಡಿ ಹೇಳಿದಳು: "ಈ ನೀರು ಕಾವೇರಿನೂ ಅಲ್ಲ, ಕೃಷ್ಣೆನೂ ಅಲ್ಲ ಬಂಗಾರೆವ್ವ. ಇದಕ್ಕೆ ನಮ್ಮ ಶಾಸ್ತ್ರ ಎಲ್ಲಿ ಗೊತ್ತು? ಬನ್ನಿ, ಆ ಕಡೆ ಹಿಡ್ಕೊಳ್ಳಿ, ಭಾರ ಇದೆ." ಇಬ್ಬರೂ ಹಿಡಿದು ಬಿಟ್ಟರು. ತೆಂಗಿನಕಾಯಿ, ಬಳೆಗಳನ್ನು ಆಮೇಲೆ ನಾನೇ ಬಲೆಯಲ್ಲಿ ಎತ್ತಿದೆ, ತಮ್ಮ ನೆಲದಲ್ಲಿ ಗಾಜು ಬೀಳಬಾರದಲ್ಲ. ಆದರೆ ಅಷ್ಟರಲ್ಲಿ ಗಾಳಿಗೆ ತಟ್ಟೆ ಆಚೆ ಏರಿಗೆ ಹೋಗಿ ಮಗುಚಿತ್ತು. ಕೆಸರಲ್ಲಿ ಬಿದ್ದ ಕಾಳನ್ನು ಯಾರೂ ಗಮನಿಸಲಿಲ್ಲ.

ಇಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ; ಜನವರಿಯ ಮಳೆಗೆ ಕಡಲೆ ಮೊಳೆಯಿತು. ಕಡಲೆಯ ಸ್ವಭಾವವೇ ಅದು. ತಮ್ಮ ಇಲಾಖೆಯವರು ಆ ಪುಟ್ಟ ಗಿಡದ ಬಣ್ಣದ ಚಿತ್ರ ತೆಗೆದು, ಗುರುತು ಸಿಗದ ಪರಕೀಯ ಸಸ್ಯ, ಮುಟ್ಟದೆ ಇಲಾಖೆಗೆ ತಿಳಿಸಿ ಎಂದು ಗೇಟಿಗೆ ಅಂಟಿಸಿದರು. ಬಂಗಾರೆವ್ವ ಅದರ ಮುಂದೆ ಬಹಳ ಹೊತ್ತು ನಿಂತು ಕೇಳಿದರು: "ಕಡ್ಲಿ ಗಿಡದ ಫೋಟೋ ಯಾಕ ಹಚ್ಯಾರ್ರೀ? ತಪ್ಪಿಸಿಕೊಂಡು ಹೋಗೈತೇನು?"

ಸತ್ಯವತಿ ತಮ್ಮ ಕಚೇರಿಯ ಕೌಂಟರಿಗೆ ತಾನಾಗಿ ಬಂದು, ಅದು ಬಾಗಿನ ಕೊಟ್ಟ ಕಡಲೆ, ಹಾಕಿದವಳು ನಾನು, ಬೇಕಾದರೆ ನಾನೇ ಕಿತ್ತುಕೊಂಡು ಹೋಗುತ್ತೇನೆ ಎಂದಳು. ಯಾರಿಗೆ ಕೊಟ್ಟಿರಿ ಎಂದು ಕೌಂಟರಿನಲ್ಲಿದ್ದವರು ಬಹಳ ವಿನಯದಿಂದ ಕೇಳಿದರು. ನೀರಿಗೆ ಎಂದಳು. ನೀರಿಗೆ ಯಾಕೆ ಎಂದು ಕೇಳಿದರು. "ತುಂಬಿತಲ್ಲ, ಅದಕ್ಕೆ," ಎಂದಳು. ಈ ಉತ್ತರ ಇಷ್ಟು ಸರಳವಾಗಿದ್ದುದರಿಂದಲೋ ಏನೋ, ಪರಿಶೀಲನೆ ಮುಗಿಯುವವರೆಗೆ ಸ್ವಯಂಸೇವಕರ ಪ್ರವೇಶವನ್ನೇ ತಡೆಹಿಡಿಯಲಾಯಿತು. ಒಂದು ಹಿಡಿ ಕಡಲೆಗೆ ಇಡೀ ಗದ್ದೆ ಜಾಮೀನು.

ಮಾರ್ಚಿನಲ್ಲಿ ಸತ್ಯವತಿ ತೀರಿಕೊಂಡಳು. ಪರಿಶೀಲನೆ ಇನ್ನೂ ನಡೆಯುತ್ತಿದೆ. ಎರಡಕ್ಕೂ ಸಂಬಂಧ ಕಲ್ಪಿಸುತ್ತಿಲ್ಲ. ಅವಳ ಹೃದಯ ನಿಂತದ್ದು ಒಂದು ಮಧ್ಯಾಹ್ನ, ಯಾವ ಮುನ್ಸೂಚನೆಯೂ ಇಲ್ಲದೆ. ಅಷ್ಟು ಚುರುಕಾಗಿ ಕೆಲಸ ಮುಗಿಸುವ ಇಲಾಖೆ ತಮ್ಮದಲ್ಲ ಎಂದು ನನಗೆ ಗೊತ್ತು.

ಬೇಸಿಗೆಯಲ್ಲಿ ಗೇಟಿಗೆ ಹೊಸ ಫಲಕ ಬಂತು: ಈ ಪ್ರದೇಶ ಈಗ 'ಪ್ಯಾಸಿವ್ ಮ್ಯಾನೇಜ್‌ಮೆಂಟ್'ನಲ್ಲಿದೆ. ಕನ್ನಡದಲ್ಲಿ ನಿಷ್ಕ್ರಿಯ ನಿರ್ವಹಣೆ. ಆಡುಮಾತಿನಲ್ಲಿ ಕೈಕಟ್ಟಿ ಕೂರುವುದು. ಮಾನ್ಯರೇ, ಈ ವಿಷಯದಲ್ಲಿ ತಾವು ಯಾವ ತಜ್ಞರನ್ನು ವಿಚಾರಿಸಿದಿರೋ ತಿಳಿಯದು, ನನ್ನನ್ನಂತೂ ಕೇಳಲಿಲ್ಲ. ಮಾರ್ಚಿನಿಂದ ನಾನೇ ನಿಷ್ಕ್ರಿಯ ನಿರ್ವಹಣೆಯಲ್ಲಿದ್ದೇನೆ. ಆದ್ದರಿಂದ ಅನುಭವದ ಮೇಲೆ ಸಾಕ್ಷಿ ನುಡಿಯಬಲ್ಲೆ. ಕಿಟಕಿಯ ಕರಿಬೇವನ್ನು ನಾನು ನಿಷ್ಕ್ರಿಯವಾಗಿ ನೋಡುತ್ತಾ ಬಂದೆ. ಈಗ ಅದು ಕಡ್ಡಿ. ಹಿತ್ತಿಲಿನ ಹುಲ್ಲನ್ನು ಹಾಗೆಯೇ ಬಿಟ್ಟೆ. ಪಕ್ಕದ ಮನೆಯವರು ಈಗ ಕಂಡಾಗ ತಲೆ ಆಡಿಸುವುದನ್ನೂ ಬಿಟ್ಟಿದ್ದಾರೆ. ಬಂದವರೆಲ್ಲ ನನ್ನ ಭುಜ ಮುಟ್ಟಿ, ನೀವು ಬಹಳ ಧೈರ್ಯವಂತರು ಎಂದು ಹೊಗಳಿ ಹೋದರು. ಧೈರ್ಯವೇನಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೆ. ಫಲಕ ಹಾಕುವುದೊಂದು ಬಾಕಿ.

ಮಗಳು ವಿಭಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ದಿನಾ ಮಧ್ಯಾಹ್ನ ಫೋನು ಮಾಡುತ್ತಾಳೆ. ಊಟ ಆಯಿತೇ ಎಂದು ಕೇಳುತ್ತಾಳೆ. ಆಯಿತು ಎನ್ನುತ್ತೇನೆ. ಅನ್ನಕ್ಕೆ ಏನು ಎಂದು ಕೇಳುತ್ತಾಳೆ. ಗೊಜ್ಜು ಎನ್ನುತ್ತೇನೆ. ಅಮ್ಮನ ಗೊಜ್ಜಿನ ಹೆಸರು ಕೇಳಿದರೆ ಅವಳು ಮುಂದೆ ಪ್ರಶ್ನೆ ಹಾಕುವುದಿಲ್ಲ. ಮೊನ್ನೆ ಏನು ಎಂದು ಕೇಳಿದಾಗ, ಗೊಜ್ಜು ಮುಗಿಯಿತು ಎಂದೆ. "ಅಪ್ಪ, ಯೂ ಕಾಂಟ್ ಜಸ್ಟ್ ಸಿಟ್ ದೇರ್," ಎಂದಳು. ಗೊಜ್ಜು ಮುಗಿದದ್ದನ್ನು ಈ ಪತ್ರದ ತಲೆಯಲ್ಲಿ ಘೋಷಿಸಿದ್ದು ಅದಕ್ಕೆ.

ಹೋದ ವಾರ ಬಂಗಾರೆವ್ವ ಬಂದು, ಏಳ್ರಿ ಎಂದು ಎಬ್ಬಿಸಿ, ನನ್ನನ್ನು ಗದ್ದೆಗೆ ಕರೆದೊಯ್ದರು. ಬೇಲಿಯಾಚೆಯಿಂದ ನೋಡಿದೆವು. ವಿಲೋ ಸೊಂಟದೆತ್ತರ ಬೆಳೆದಿದೆ. ಅದರ ಬುಡದಲ್ಲಿ ಬಳ್ಳಿ ಇನ್ನೂ ಇದೆ, ಹಣ್ಣೂ ಇದೆ, ಕೆಂಪಾಗಿದೆ. ನೋಡಿ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಮಾತ್ರ ಅನ್ನಿಸಿತು. ಬಂಗಾರೆವ್ವ ತಮ್ಮ ಇಲಾಖೆಯ ಬಗ್ಗೆ ಒಂದಿಷ್ಟು ಮಾತಾಡಿದರು. ಅವು ಅಚ್ಚಿಗೆ ಯೋಗ್ಯವಲ್ಲ. ಕೊನೆಗೆ, "ನನಗ ಬೈಯಾಕ ಬರತೈತಿ, ನಿಮಗ ಬರಿಯಾಕ ಬರತೈತಿ. ಎರಡೂ ಕೂಡಿಸಿ ಬರೀರಿ," ಎಂದರು. ಬರೆಯುತ್ತಿದ್ದೇನೆ.

ಅಲ್ಲಿ ನಿಂತಾಗ ಹೋದ ಅಕ್ಟೋಬರು ನೆನಪಾಯಿತು. ಮೇಲ್ವಿಚಾರಣೆ ಸಾಕು, ಇಳಿಯಿರಿ ಎಂದು ಸತ್ಯವತಿ ನನ್ನನ್ನೂ ನೀರಿಗೆ ಇಳಿಸಿದ್ದಳು. ಎದೆಯವರೆಗೆ ಬರುವ, ಬೂಟು ಸೇರಿಯೇ ಇರುವ ರಬ್ಬರಿನ ಉಡುಪು ತೊಡಬೇಕು, ವೇಡರ್ಸ್ ಎನ್ನುತ್ತಾರೆ. ನನಗೆ ಸಿಕ್ಕಿದ್ದು ಸೋರುತ್ತಿತ್ತು. ಮೇಲೆ ಬಂದಾಗ ಪಾದಗಳು ಇವೆಯೋ ಇಲ್ಲವೋ ತಿಳಿಯಲಿಲ್ಲ. ಏರಿಯ ಮೇಲೆ ಕೂತು ದೂರಿದೆ. ಅವಳು ಕಾಲ್ಚೀಲ ಎಳೆದು ತೆಗೆಯುತ್ತಾ ಹೇಳಿದಳು: "ಈಗ ಏನೂ ಗೊತ್ತಾಗಲ್ಲ ರೀ. ಆಮೇಲೆ ಚುಚ್ಚುತ್ತೆ. ಚುಚ್ಚಿದಾಗ ಕಿರುಚಬೇಡಿ, ಜನ ಇದ್ದಾರೆ."

ಮಾರ್ಚಿನಿಂದ ನಾನು ಚುಚ್ಚುವುದಕ್ಕೇ ಕಾಯುತ್ತಿದ್ದೇನೆ. ಮನೆಯಲ್ಲಿ ಜನವೂ ಇಲ್ಲ.

ಆದ್ದರಿಂದ ಮಾನ್ಯರೇ, ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಈ ಮಳೆಗಾಲ ಹಿಡಿಯುವ ಮುಂಚೆ ತೂಬಿಗೆ ಹಲಗೆ ಇಳಿಸಿ. ನೀರು ನಿಂತ ಮೇಲೆ ನಮ್ಮನ್ನು ಒಳಗೆ ಬಿಡಿ. ವಿಲೋವನ್ನು ನಾವೇ ಕೀಳುತ್ತೇವೆ. ಬಂಗಾರೆವ್ವನವರಿಗೆ ಅದರ ಮೇಲೆ ಈಗ ವೈಯಕ್ತಿಕ ದ್ವೇಷವಿದೆ. ಹಣ್ಣು ಪಟ್ಟಣಕ್ಕೇ ಇರಲಿ, ನಮಗೆ ಒಂದು ಬುಟ್ಟಿ ಸಾಕು. ಈ ಸಲ ಗೊಜ್ಜನ್ನು ವಿಭಾ ಕಾಯಿಸುತ್ತಾಳಂತೆ, ಕಲಿಸಲು ಬಂಗಾರೆವ್ವ ಒಪ್ಪಿದ್ದಾರೆ, ಆದ್ದರಿಂದ ಬಳ್ಳೊಳ್ಳಿ ಇರುತ್ತದೆ, ಆ ದುಃಖ ನಮ್ಮ ಮನೆಯದು. ಬಾಗಿನ ಬೇಡವೆಂದರೆ ಬೇಡ. ಕೊಡಬಹುದು ಎಂದಾದರೆ, ಕಡಲೆಯ ಬದಲು ಹುರಿಗಡಲೆ ಹಾಕುತ್ತೇವೆ. ಹುರಿಗಡಲೆ ಮೊಳೆತದ್ದನ್ನು ಈವರೆಗೆ ಯಾವ ಇಲಾಖೆಯೂ ಕಂಡಿಲ್ಲ. ಪರಿಶೀಲನೆಯನ್ನು ತಾವು ಬೇಕಾದಷ್ಟು ವರ್ಷ ನಡೆಸಿ. ನೀರು ಕಟ್ಟಿಯೂ ನಡೆಸಬಹುದು.

ಇಂತಿ, ತಮ್ಮದೇ ಮಾದರಿಯ ನಿರ್ವಹಣೆಯಲ್ಲಿ ಹುಲ್ಲು ಹಿಡಿಯುತ್ತಿರುವ,
ರಘೋತ್ತಮ

ತಾ.ಕ.: ಮೇಲಿನದು ಯಾವುದೂ ಆಗದಿದ್ದರೆ ಇಷ್ಟಾದರೂ ಮಾಡಿಸಿ. ಶೆಡ್ಡಿನೊಳಗೆ, ಬಾಗಿಲ ಬಲಗಡೆಯ ಬೆಂಚಿನ ಮೇಲೆ, ಒಂದು ಹಸಿರು ವೇಡರ್ಸ್ ಮಡಚಿಟ್ಟಿದೆ. ಹೆಗಲ ಪಟ್ಟಿಗೆ ರವಿಕೆ ಬಟ್ಟೆಯ ಹಳದಿ ಚೂರು ಕಟ್ಟಿರುವುದರಿಂದ ಗುರುತು ಸಿಗುತ್ತದೆ. ಮುಂದಿನ ಶನಿವಾರ ಬರುತ್ತೇನಲ್ಲ ಎಂದು ಅವಳು ಹಾಗೇ ಇಟ್ಟು ಬಂದಿದ್ದಳು. ಮಡಚಿದಲ್ಲಿ ರಬ್ಬರು ಬಿರುಕು ಬಿಡುತ್ತದೆ. ತಾವೇ ಹೋಗಬೇಕಿಲ್ಲ, ಬೀಗದ ಕೈ ಇರುವ ಯಾರನ್ನಾದರೂ ಕಳಿಸಿ. ಬೂಟು ಮೇಲೆ ಬರುವ ಹಾಗೆ, ತಲೆಕೆಳಗಾಗಿ, ಗೋಡೆಯ ಮೊಳೆಗೆ ತೂಗುಹಾಕಿಸಿ.