ಹುಲ್ಲುಹಾಸಿನ ತೂತುಗಳೂ ನಮ್ಮ ನಾಯಿಯ ಮಾನವೂ

ಉದ್ಯಾನವನದ ಮಾನ್ಯ ಮೇಲ್ವಿಚಾರಕರೇ,

ನಮ್ಮ ನಾಯಿ ಗುಂಡನನ್ನು ತಾವು ಉದ್ಯಾನವನದಿಂದ ಬಹಿಷ್ಕರಿಸಿದ್ದೀರಿ. ಹುಲ್ಲುಹಾಸಿನ ಅರ್ಧ ಭಾಗವನ್ನು ಅವನು ಹೊಲಸು ಮಾಡಿದನೆಂದು ಗೇಟಿಗೆ ಫಲಕವನ್ನೂ ತೂಗುಹಾಕಿದ್ದೀರಿ. ತಾವು ಹೊಲಸೆಂದು ತೀರ್ಮಾನಿಸಿದ್ದು ಬರೀ ಮಣ್ಣು. ಅದನ್ನು ಅಲ್ಲಿ ಹಾಕಿದವರು ನಮ್ಮತ್ತೆ.

ಇದಕ್ಕೆಲ್ಲ ಮೂಲ ತಮ್ಮ ರೋಲರ್. ಮೇಲಿನವರು ತಪಾಸಣೆಗೆ ಬರುತ್ತಾರೆಂದರೆ ಸಾಕು, ಅದು ಹುಲ್ಲಿನ ಮೇಲೆ ಹೊರಳುತ್ತದೆ. ನೆಲ ಇಸ್ತ್ರಿ ಮಾಡಿದಂತೆ ಕಾಣುತ್ತದೆ, ಒಪ್ಪಿದೆ. ಆದರೆ ಹುಲ್ಲೇನು ತಮ್ಮ ಅಂಗಿಯೇ? ಮಣ್ಣು ಬಿಗಿದು, ನೀರು ಇಳಿಯದೆ, ಗಾಳಿ ಸುಳಿಯದೆ, ಬೇರು ಬೆಳೆಯದೆ ಹುಲ್ಲು ಹಳದಿಯಾಯಿತು. ತಾವು ಕೊಟ್ಟ ಮದ್ದೇನು? ಇನ್ನೊಂದು ಸುತ್ತು ರೋಲರ್.

ಆಟದ ಮೈದಾನವೊಂದರಲ್ಲಿ ಹುಲ್ಲು ಸಾಕಿ ನಿವೃತ್ತರಾದ ಅತ್ತೆಗೆ ಇದನ್ನು ನೋಡಲಾಗಲಿಲ್ಲ. ಕೊಳವೆಯಂಥ ಹಲ್ಲುಗಳಿರುವ, ನೆಲ ಚುಚ್ಚುವ ಹಳೆಯ ಫೋರ್ಕನ್ನು ಮನೆಯಿಂದ ತಂದು, ಒದ್ದೆ ನೆಲದಲ್ಲಿ ತುಳಿದು ಎತ್ತಿ, ತುಳಿದು ಎತ್ತಿ, ಬೆರಳುದ್ದದ ಮಣ್ಣಿನ ತುಂಡುಗಳನ್ನು ಹೊರತೆಗೆದು, ನೀರು ಗಾಳಿ ಇಳಿಯಲು ತೂತು ಮಾಡಿದರು. ಆ ತುಂಡುಗಳು ಹುಲ್ಲಿನ ಮೇಲೇ ಒಣಗಿ, ಪುಡಿಯಾಗಿ, ಮತ್ತೆ ನೆಲ ಸೇರಬೇಕಂತೆ. ತಿಳಿಯದ ನಾನು ಗುಡಿಸಲು ಹೋದೆ.

"ಪೊರಕೆ ಕೆಳಗಿಡಿ ಅಳಿಯಂದ್ರೇ. ಮನೇಲಿ ಹಿಡೀದವ್ರು ಇಲ್ಯಾಕೆ ಹಿಡೀತೀರಿ?"

ಅಷ್ಟರಲ್ಲಿ ತಮ್ಮ ಕಾವಲುಗಾರ ಬಂದ. "ಸಾರ್, ಇದು ನಿಮ್ಮ ನಾಯಿದೇ."

"ಇಷ್ಟೊಂದಾ?"

"ಹೊಟ್ಟೆ ಕೆಟ್ಟಿರ್ಬೇಕು ಸಾರ್."

"ಅದರದ್ದಲ್ಲಪ್ಪ, ಎಲ್ಲಾ ನಂದೇ" ಎಂದರು ಅತ್ತೆ.

ಕಾವಲುಗಾರ ನೆಲ ನೋಡಿದ, ಅತ್ತೆಯನ್ನು ನೋಡಿದ. ಹಿರಿಯರ ಮೇಲಿನ ಗೌರವದಿಂದಲೋ ಏನೋ, ವರದಿಯಲ್ಲಿ ಗುಂಡನ ಹೆಸರನ್ನೇ ಬರೆದ. ತಾವು ಕುರ್ಚಿಯಿಂದ ಏಳದೆಯೇ ಸಹಿ ಮಾಡಿದಿರಿ.

ಈಗ ಬಂದು ನೋಡಿ: ಅತ್ತೆ ಚುಚ್ಚಿದ ಕಡೆ ಹಸಿರು, ತಾವು ಮೆಚ್ಚಿದ ಕಡೆ ಕೆಸರು. ಆ ಹಸಿರನ್ನು ಗುಂಡ ಗೇಟಿನ ಸರಳುಗಳ ನಡುವೆ ಮೂತಿ ತೂರಿಸಿ ನೋಡುತ್ತಾ ಕೂರುತ್ತಾನೆ. ಎಳೆದರೂ ಬರುವುದಿಲ್ಲ. ದಾರಿಹೋಕರು ಮೊದಲು ಫಲಕ ಓದುತ್ತಾರೆ, ಆಮೇಲೆ ಅವನನ್ನು ನೋಡುತ್ತಾರೆ, ಕೊನೆಗೆ ನನ್ನನ್ನು. ಬಾಲವಿದ್ದಿದ್ದರೆ ನಾನೂ ಮುದುರಿಕೊಳ್ಳುತ್ತಿದ್ದೆ.

ಆದ್ದರಿಂದ ಫಲಕ ಇಳಿಸಿ, ರೋಲರ್ ನಿಲ್ಲಿಸಿ, ಉಳಿದರ್ಧವನ್ನೂ ಚುಚ್ಚಲು ಅತ್ತೆಗೆ ಅಪ್ಪಣೆ ಕೊಡಿ. ಇನ್ನೂ ಅನುಮಾನವಿದ್ದರೆ ಅವರು ಚುಚ್ಚುವಾಗ ಖುದ್ದಾಗಿ ಬಂದು ಒಂದು ತುಂಡನ್ನು ಬೆರಳಿನಲ್ಲಿ ಹಿಸುಕಿ ನೋಡಿ. ಮಣ್ಣೇ ಆಗಿರುತ್ತದೆ. ಗುಂಡನ ಪರವಾಗಿ ನಾನು ಮಾತು ಕೊಡಬಲ್ಲೆ. ಎದುರುಮನೆಯ ನಾಯಿಯ ವಿಚಾರ ಮಾತ್ರ ನನಗೆ ತಿಳಿಯದು.

ಇಂತಿ,
ನಿರಪರಾಧಿಯ ಕೊರಳ ಹಗ್ಗದ ಇನ್ನೊಂದು ತುದಿ